ಸಿಎಫ್ (ಸಿಸ್ಟಿಕ್ ಫೈಬ್ರೋಸಿಸ್) ಮಗುವಿನ ಡಯಟ್: ಆ್ಯಪ್, ಆಸ್ಪತ್ರೆ ಮೇಡಂ, ಪೌಡರ್ ಡಬ್ಬಿ ಮೂರರ ರಿವ್ಯೂ

ಮೊದಲು ಸ್ಟಾರ್ ಕೊಟ್ಟುಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ. ಮೊಬೈಲಿನ ಡಯಟ್ ಆ್ಯಪ್‌ಗೆ ಐದರಲ್ಲಿ ಒಂದು. ಬೆಂಗಳೂರಿನ ಒಂದು ಆಸ್ಪತ್ರೆಯ ಡಯಟಿಷಿಯನ್ ಮೇಡಂಗೆ ನಾಲ್ಕೂವರೆ. ಮಕ್ಕಳ ತೂಕ ಹೆಚ್ಚಿಸುತ್ತೇವೆ ಅನ್ನುವ ಪೌಡರ್ ಡಬ್ಬಿಗೆ ಎರಡು. ಊಟದ ಕೊಬ್ಬು ಅರಗಿಸಲು ಕೊಡುವ ಎನ್‌ಜೈಮ್ ಕ್ಯಾಪ್ಸೂಲ್‌ಗೆ ಸ್ಟಾರ್ ಕೊಡುವುದಿಲ್ಲ, ಅದಿಲ್ಲದೆ ನಮ್ಮ ಮನೆಯಲ್ಲಿ ಮಗಳಿಗೆ ತಟ್ಟೆ ಹಾಕುವ ಹಾಗೇ ಇಲ್ಲ. ಆ್ಯಪ್, ಆಸ್ಪತ್ರೆ, ಡಬ್ಬಿ ಯಾವುದರ ಹೆಸರನ್ನೂ ಬರೆಯುತ್ತಿಲ್ಲ. ಜಗಳ ಬೇಡ. ನೀವು ಯಾವ ಆಸ್ಪತ್ರೆಗೆ ಹೋದರೂ ಒಳ್ಳೆ ಸಲಹೆ ಯಾವುದು, ಸುಮ್ನೆ ಪ್ರಿಂಟ್ ತೆಗೆದು ಕೊಟ್ಟದ್ದು ಯಾವುದು ಅಂತ ಗೊತ್ತಾದರೆ ಸಾಕು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ಮನೆ ಹಿಂದೆ ಬಟರ್ ಫ್ರೂಟ್ ಮರ. ಮಗಳು ಒಂದನೇ ಕ್ಲಾಸ್. ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ, ನಾವೆಲ್ಲ ಸಿಎಫ್ ಅನ್ನುತ್ತೇವೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಹುಟ್ಟಿನಿಂದಲೇ ಬರುವ ಕಾಯಿಲೆ. ಅಂಟುವ ರೋಗ ಅಲ್ಲ. ಸಿಎಫ್‌ಟಿಆರ್ ಅನ್ನುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಆಗುತ್ತದೆ. ಹಾಗಾಗಿ ‘ಯಾರ ಮನೆ ಕಡೆಯಿಂದ ಬಂತು’ ಅಂತ ಕೇಳುವ ನೆಂಟರಿಗೆ ಉತ್ತರ, ಎರಡೂ ಮನೆ ಕಡೆಯಿಂದ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಮೈಯೊಳಗಿನ ಲೋಳೆ ಗಟ್ಟಿಯಾಗಿ ಅಂಟಂಟಾಗುತ್ತದೆ. ಎದೆಯಲ್ಲಿ ಕಫ ಕಟ್ಟುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊಟ್ಟೆಯ ಕಥೆ ಬೀಳುವುದಿಲ್ಲ. ಪ್ಯಾಂಕ್ರಿಯಾಸ್‌ನಿಂದ, ಅಂದರೆ ಮೇದೋಜೀರಕ ಗ್ರಂಥಿಯಿಂದ, ಕೊಬ್ಬು ಅರಗಿಸುವ ರಸ ಕರುಳಿಗೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಸಿಎಫ್ ಇರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಹೀಗೆ. ತಿಂದ ತುಪ್ಪ ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ. ಮಗು ಬಕಾಸುರನ ಹಾಗೆ ತಿಂದರೂ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿರುತ್ತದೆ. ಕಕ್ಕ ಎಣ್ಣೆ ಎಣ್ಣೆಯಾಗಿ, ಕಮೋಡಿಗೆ ಅಂಟಿಕೊಂಡು, ಮನೆಯೆಲ್ಲ ವಾಸನೆ. ಊಟದ ಬಗ್ಗೆ ಬರೆಯುವಾಗ ಇದನ್ನು ಬರೆಯಬಾರದು ಅಂತ ಕೆಲವರಿಗೆ ಅನ್ನಿಸಬಹುದು. ಸಿಎಫ್ ಮನೆಯಲ್ಲಿ ಊಟದ ರಿಸಲ್ಟ್ ನೋಡುವುದೇ ಅಲ್ಲಿ, ಏನು ಮಾಡುವುದು?

ಈಗ ಆ್ಯಪ್. ನನ್ನ ತಮ್ಮ ಬೆಂಗಳೂರಿನಲ್ಲಿ ಕೂತು ದುಡ್ಡು ಕಟ್ಟಿ ನನ್ನ ಫೋನಿಗೆ ಹಾಕಿಸಿದ್ದು. ನೋಡಲು ಚೆಂದ ಇದೆ. ವಯಸ್ಸು, ತೂಕ, ಎತ್ತರ, ವೆಜ್ಜಾ ನಾನ್‌ವೆಜ್ಜಾ, ಇಷ್ಟು ಕೇಳುತ್ತದೆ. ಕಾಯಿಲೆಗಳ ಪಟ್ಟಿಯಲ್ಲಿ ಸಿಎಫ್ ಇಲ್ಲ. ‘ಇತರೆ’ ಒತ್ತಿ ಬರೆದರೆ ‘ನಮ್ಮ ತಜ್ಞರು ಕರೆ ಮಾಡುತ್ತಾರೆ’ ಅಂತ ಬಂತು. ಮಾಡಿದರು ಕೂಡ. ಮಗುವಿಗೆ ಲೂಸ್ ಮೋಷನ್ ಆಗುತ್ತಾ ಅಂದರು, ಹೌದು ಅಂದೆ, ಅಷ್ಟಕ್ಕೇ ಚಾರ್ಟ್ ಬಂತು. ಕೆನೆ ತೆಗೆದ ಹಾಲು, ಓಟ್ಸ್, ಬೇಯಿಸಿದ ತರಕಾರಿ, ಎಣ್ಣೆ ಕಡಿಮೆ, ತುಪ್ಪ ಬೇಡ, ತೆಂಗಿನಕಾಯಿ ವಾರಕ್ಕೊಂದು ಸಲ, ಉಪ್ಪು ಆದಷ್ಟು ಕಡಿಮೆ. ಒಂದೊಂದು ಸಾಲೂ ನಮ್ಮ ಮಗಳಿಗೆ ಉಲ್ಟಾ. ಮನೆಯಲ್ಲಿ ಬಿಪಿ ಶುಗರ್ ಇರುವ ಅರವತ್ತು ದಾಟಿದವರಿಗೆ ಆ ಚಾರ್ಟ್ ಕೊಟ್ಟರೆ ಸರಿ ಹೋಗಬಹುದೇನೋ. ದುಡ್ಡು ವಾಪಸ್ ಕೇಳಿದೆ, ಇನ್ನೂ ‘ಪ್ರೊಸೆಸಿಂಗ್’ನಲ್ಲೇ ಇದೆ.

ಒಂದು ಮಾತು ಒಪ್ಪಬೇಕು. ಕೊಬ್ಬು ಅರಗಲ್ಲ, ಹಾಗಾದರೆ ಕೊಬ್ಬು ಬಿಡಿಸಿ ಅನ್ನುವುದು ಕೇಳುವುದಕ್ಕೆ ಸರಿಯಾಗೇ ಇದೆ. ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. 1938ರಲ್ಲಿ ಡೊರೊಥಿ ಆಂಡರ್ಸನ್ ಅನ್ನುವ ಅಮೆರಿಕದ ಡಾಕ್ಟರು ಈ ಕಾಯಿಲೆಯನ್ನು ಬಿಡಿಸಿ ಬರೆದ ಮೇಲೂ ಎಷ್ಟೋ ದಶಕ ಮಕ್ಕಳಿಗೆ ಕೊಬ್ಬು ಕಡಿಮೆ ಊಟವೇ ಗತಿಯಾಗಿತ್ತು. ಕೆನಡಾದ ಟೊರಾಂಟೊ ಕ್ಲಿನಿಕ್‌ನವರು ಮಾತ್ರ ಬೇರೆ ದಾರಿ ಹಿಡಿದರು. ಬೆಣ್ಣೆ, ಕೆನೆ, ಮೊಟ್ಟೆ ಎಲ್ಲ ತಿನ್ನಲಿ, ಅದಕ್ಕೆ ತಕ್ಕಷ್ಟು ಎನ್‌ಜೈಮ್ ಕೊಡೋಣ ಅಂದರು. 1988ರಲ್ಲಿ ಟೊರಾಂಟೊ ಮತ್ತು ಅಮೆರಿಕದ ಬಾಸ್ಟನ್ ಕ್ಲಿನಿಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ ಬಂತು. ಎರಡೂ ಕಡೆ ಶ್ವಾಸಕೋಶದ ಸ್ಥಿತಿ ಹೆಚ್ಚುಕಮ್ಮಿ ಒಂದೇ. ಆದರೆ ಟೊರಾಂಟೊದವರು ಎತ್ತರ ಬೆಳೆದಿದ್ದರು. ಅರ್ಧದಷ್ಟು ರೋಗಿಗಳು ಬದುಕಿದ್ದ ವಯಸ್ಸು ಬಾಸ್ಟನ್‌ನಲ್ಲಿ 21, ಟೊರಾಂಟೊದಲ್ಲಿ 30. ಎದ್ದು ಕಾಣುವ ವ್ಯತ್ಯಾಸ ಅಂದರೆ ತಟ್ಟೆಯಲ್ಲಿದ್ದ ಕೊಬ್ಬು. ಆಮೇಲೆ ಎಲ್ಲ ಕಡೆ ಸಲಹೆ ಬದಲಾಯಿತು. ಆ್ಯಪ್‌ನವರಿಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ ಅಂತ ಕಾಣುತ್ತೆ.

ಈಗ ಆಸ್ಪತ್ರೆ ಮೇಡಂ ವಿಷಯಕ್ಕೆ ಬರೋಣ. ಡಾಕ್ಟರನ್ನು ನೋಡಲು ಮೂರು ತಿಂಗಳಿಗೊಮ್ಮೆ ಹೇಗೂ ಹೋಗಲೇಬೇಕು, ಅದೇ ದಿನ ಡಯಟಿಷಿಯನ್ ಹತ್ತಿರವೂ ಕೂರಿಸುತ್ತಾರೆ. ಫೀಸು ಸಾವಿರ ರೂಪಾಯಿಯೊಳಗೆ. ನನಗೆ ಇಷ್ಟವಾದದ್ದು, ಅವರು ಚಾರ್ಟ್ ಕೊಡುವ ಮೊದಲು ಕೇಳಿದ ಪ್ರಶ್ನೆಗಳು. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ಯಾವ ಎಣ್ಣೆ? ಹಾಲು ಪ್ಯಾಕೆಟ್ಟಾ, ಕೊಟ್ಟಿಗೆಯದಾ? ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಸ್ಕೂಲ್ ವ್ಯಾನ್ ಎಷ್ಟು ಹೊತ್ತಿಗೆ? ಕಕ್ಕ ಹೇಗೆ ಬರುತ್ತೆ, ತೇಲುತ್ತಾ? ತೋಟದಲ್ಲಿ ಏನೇನು ಬೆಳೆಯುತ್ತೆ? ‘ಅಮ್ಮ, ನೀವು ಮಾಡುವ ಅಡುಗೆಯೇ ಇರಲಿ, ಅದರೊಳಗೇ ದಾರಿ ಹುಡುಕೋಣ’ ಅಂದರು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಬೆಂಗಳೂರಿನವರು ಪಾಸ್ತಾ ಚೀಸ್ ಅಂತ ಹೇಳುತ್ತಾರೆ ಅಂದುಕೊಂಡು ಬಂದವರು, ಈ ಮಾತು ಕೇಳಿ ಮುಖ ಸಡಿಲ ಮಾಡಿದರು.

ಒಂದು ವಾರ ಮಗಳು ತಿಂದದ್ದನ್ನೆಲ್ಲ ಬರೆದು, ತಟ್ಟೆಯ ಫೋಟೊ ತೆಗೆದು ಕಳಿಸಲು ಹೇಳಿದರು. ಬಿಟ್ಟದ್ದರ ಫೋಟೊ ಕೂಡ. ಆಮೇಲೆ ಲೆಕ್ಕ ಹಾಕಿದರು. ಸಿಎಫ್ ಮಕ್ಕಳಿಗೆ ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಜಾಸ್ತಿ ಶಕ್ತಿ ಬೇಕು. ಸಾಮಾನ್ಯವಾಗಿ ಹೇಳುವ ಲೆಕ್ಕ, ಬೇರೆ ಮಕ್ಕಳಿಗೆ 100 ಆದರೆ ಇವರಿಗೆ 110ರಿಂದ 200. ಅದರಲ್ಲಿ ಶೇ. 35ರಿಂದ 40ರಷ್ಟು ಕೊಬ್ಬಿನಿಂದಲೇ ಬರಬೇಕು. ಹೊಟ್ಟೆ ಚಿಕ್ಕದು, ಅನ್ನದ ರಾಶಿ ಹಾಕಿದರೆ ಅದು ತುಂಬಿಬಿಡುತ್ತದೆ, ಕ್ಯಾಲರಿ ಸಾಕಾಗಲ್ಲ. ಹಾಗಾಗಿ ತಿನ್ನುವ ಅಳತೆ ಅಷ್ಟೇ ಇಟ್ಟು ಅದರೊಳಗೆ ಕೊಬ್ಬು ಸೇರಿಸುವುದು. ಒಂದು ಚಮಚ ತುಪ್ಪ, ಟೀ ಚಮಚ, ಸುಮಾರು 45 ಕ್ಯಾಲರಿ. ಗಂಜಿಗೆ ಒಂದು, ಅನ್ನಕ್ಕೆ ಎರಡು, ರೊಟ್ಟಿಗೆ ಒಂದು ಅಂತ ಹೋದರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಹಾಲು ಬದಲಾಯಿಸಿದೆವು. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು ಶೇ. 3, ಸಮೃದ್ಧಿಯಲ್ಲಿ ಶೇ. 6. ಲೋಟ ಅದೇ, ಹೊಟ್ಟೆಗೆ ಭಾರವೂ ಅಷ್ಟೇ, ಕೊಬ್ಬು ಡಬಲ್. ಇಂಥ ಸಣ್ಣ ಸಣ್ಣ ಬದಲಾವಣೆ ಹೇಳುವವರೇ ಒಳ್ಳೆ ಡಯಟಿಷಿಯನ್ ಅನ್ನೋದು ನನ್ನ ಅಭಿಪ್ರಾಯ.

ಬಟರ್ ಫ್ರೂಟ್ ಬಗ್ಗೆ ಬೇರೆಯಾಗಿ ಬರೆಯಲೇಬೇಕು. ಕೊಡಗಿನಲ್ಲಿ ಕಾಫಿ ತೋಟದ ಮಧ್ಯೆ ಸುಮ್ನೆ ಬೆಳೆಯುತ್ತದೆ, ಎಷ್ಟೋ ಮನೆಗಳಲ್ಲಿ ಬಿದ್ದು ಕೊಳೆಯುತ್ತದೆ. ಬೆಂಗಳೂರಿನಲ್ಲಿ ಅದನ್ನೇ ಟಿಶ್ಯೂ ಪೇಪರಿನಲ್ಲಿ ಸುತ್ತಿ ಮಾರುತ್ತಾರೆ! ನೂರು ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲರಿ, 15 ಗ್ರಾಂ ಕೊಬ್ಬು. ಅದೂ ಒಳ್ಳೆ ಕೊಬ್ಬು. ಸಕ್ಕರೆ, ಹಾಲು ಹಾಕಿ ಕಲಸಿ ಕೊಟ್ಟರೆ ಮಗಳು ಬಟ್ಟಲು ನೆಕ್ಕುತ್ತಾಳೆ. ಆದರೆ ಇಲ್ಲೊಂದು ಕೊಕ್ಕೆ ಇದೆ. ಸಿಎಫ್ ಮಕ್ಕಳಿಗೆ ಹಣ್ಣಿಗೆ ಎನ್‌ಜೈಮ್ ಬೇಡ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬಾಳೆಹಣ್ಣು, ಕಿತ್ತಳೆ, ಸೇಬಿಗೆ ಅದು ಸರಿ, ಅವುಗಳಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಬಟರ್ ಫ್ರೂಟ್ ಹಣ್ಣೇ ಆದರೂ ಅದಕ್ಕೆ ಎನ್‌ಜೈಮ್ ಬೇಕೇ ಬೇಕು. ಬಾಳೆಕಾಯಿ ಚಿಪ್ಸ್, ಹಲಸಿನ ಚಿಪ್ಸ್ ಕೂಡ ಹಾಗೇ, ಎಣ್ಣೆಯಲ್ಲಿ ಕರಿದದ್ದು. ಮೇಡಂ ಇದನ್ನು ನಾನು ಕೇಳುವ ಮೊದಲೇ ಹೇಳಿದರು. ಅವರಿಗೆ ನಾಲ್ಕೂವರೆ ಸ್ಟಾರ್ ಬಂದದ್ದು ಇಂಥದ್ದಕ್ಕೆ.

ಎನ್‌ಜೈಮ್ ಅಂದೆನಲ್ಲ, ಅದನ್ನು ಕೊಡುವ ಕ್ರಮ ಗೊತ್ತಿಲ್ಲದಿದ್ದರೆ ಎಷ್ಟು ತುಪ್ಪ ಸುರಿದರೂ ವೇಸ್ಟ್. ನಮಗೆ ಬರೆದುಕೊಟ್ಟಿರುವುದು ಕ್ರಿಯಾನ್. ಕ್ಯಾಪ್ಸೂಲ್ ಮೇಲಿನ 10000, 25000 ಅನ್ನುವ ಸಂಖ್ಯೆ ಲೈಪೇಸ್ ಯೂನಿಟ್‌ನ ಲೆಕ್ಕ, ಅಂದರೆ ಕೊಬ್ಬು ಒಡೆಯುವ ಶಕ್ತಿ. ಬಿಚ್ಚಿದರೆ ಒಳಗೆ ಸಾಸಿವೆಗಿಂತ ಸಣ್ಣ ಕಂದು ಬಣ್ಣದ ಮಣಿಗಳು. ಹೊಟ್ಟೆಯ ಆಸಿಡ್‌ನಲ್ಲಿ ಕರಗದೆ ಕರುಳಿಗೆ ಹೋಗಿ ಬಿಚ್ಚಿಕೊಳ್ಳಲಿ ಅಂತ ಅವುಗಳ ಮೇಲೊಂದು ಪದರ ಇರುತ್ತದೆ. ಅದಕ್ಕೇ ಅರೆಯಬಾರದು, ಜಗಿಯಬಾರದು. ಮಗಳು ಸಣ್ಣವಳಿದ್ದಾಗ ಸೇಬು ಬೇಯಿಸಿ ನುಣ್ಣಗೆ ಮಾಡಿ, ಆರಿಸಿ, ಒಂದು ಚಮಚದ ಮೇಲೆ ಮಣಿ ಉದುರಿಸಿ ಬಾಯಿಗೆ ಇಡುತ್ತಿದ್ದೆ, ಹಿಂದೆಯೇ ನೀರು. ಹುಳಿ ಇರುವ ಮೆತ್ತಗಿನ ತಿಂಡಿಯೇ ಆಗಬೇಕು. ಹಾಲಿಗೆ, ಬಿಸಿ ಗಂಜಿಗೆ ಹಾಕಿದರೆ ಪದರ ಅಲ್ಲೇ ಕರಗಿ ಮದ್ದು ಕೆಡುತ್ತದೆ. ಕಲಸಿ ಇಟ್ಟು ಆಮೇಲೆ ಕೊಡುವುದೂ ಬೇಡ, ಆಗಲೇ ಕೊಡಬೇಕು. ಆಮೇಲೆ ನಾಲಗೆ ಅಡಿ, ಕೆನ್ನೆಯ ಒಳಗೆ ಮಣಿ ಸಿಕ್ಕಿಕೊಂಡಿದೆಯಾ ನೋಡಬೇಕು, ಉಳಿದರೆ ಬಾಯಿ ಹುಣ್ಣಾಗುತ್ತದೆ. ಈಗ ಪೂರ್ತಿ ಕ್ಯಾಪ್ಸೂಲ್ ಗುಳುಂ ಮಾಡುತ್ತಾಳೆ, ಅದನ್ನು ಎಲ್ಲರ ಮುಂದೆ ಮಾಡಿ ತೋರಿಸುವುದೇ ಅವಳಿಗೆ ಹೆಮ್ಮೆ.

ಊಟದ ಮೊದಲ ತುತ್ತಿನ ಜೊತೆ ಕೊಡಬೇಕು. ಊಟ ಅರ್ಧ ಗಂಟೆಗಿಂತ ಜಾಸ್ತಿ ಎಳೆದರೆ ಅರ್ಧ ಮೊದಲು, ಅರ್ಧ ಮಧ್ಯೆ. ನಮ್ಮ ಕಡೆ ಮದುವೆ ಮನೆ ಊಟ ಗೊತ್ತಲ್ಲ, ಮಾತಾಡಿಕೊಂಡು ಮುಗಿಯುವುದೇ ಇಲ್ಲ. ಅಲ್ಲಿ ಈ ಎರಡು ಕಂತು ಉಪಯೋಗಕ್ಕೆ ಬರುತ್ತದೆ. ಡೋಸ್ ಮಾತ್ರ ಡಾಕ್ಟರು ಹೇಳಿದ್ದೇ. ಮಗುವಿನ ಒಂದು ಕೆಜಿ ತೂಕಕ್ಕೆ ಊಟಕ್ಕೆ 500ರಿಂದ 2500 ಯೂನಿಟ್, ದಿನಕ್ಕೆ ಎಲ್ಲ ಸೇರಿ ಕೆಜಿಗೆ 10,000 ದಾಟಬಾರದು ಅನ್ನುವ ಮಿತಿ ಇದೆ. 16 ಕೆಜಿ ಮಗುವಾದರೆ ದಿನಕ್ಕೆ 1,60,000. ಅದಕ್ಕಿಂತ ಜಾಸ್ತಿಯಾಗಿ ಹಾಗೇ ಮುಂದುವರಿದರೆ ದೊಡ್ಡ ಕರುಳು ಗಡುಸಾಗಿ ಕಿರಿದಾಗುವ ಅಪಾಯ ಇದೆ. ‘ಕಕ್ಕ ಸರಿಯಾಗಿಲ್ಲ, ಇನ್ನೊಂದು ಮಾತ್ರೆ ಹಾಕು’ ಅಂತ ಯಾರೇ ಹೇಳಿದರೂ ಮೊದಲು ಫೋನ್ ಮಾಡಿ ಕೇಳಿ. ಇನ್ನೊಂದು ವಿಷಯ, ಇದನ್ನು ಹಂದಿಯ ಪ್ಯಾಂಕ್ರಿಯಾಸ್‌ನಿಂದ ತೆಗೆಯುವುದು. ನಮ್ಮ ಮನೆಯಲ್ಲಿ ಅದೊಂದು ತಮಾಷೆ. ಸಸ್ಯಾಹಾರಿಗಳು, ಮುಸ್ಲಿಮರು ಶುರುವಿನಲ್ಲೇ ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ. ಗಿಡಮೂಲದ್ದು ಅಂತ ಅಂಗಡಿಯಲ್ಲಿ ಸಿಗುವ ಜೀರ್ಣದ ಮಾತ್ರೆ ಇದರ ಜಾಗಕ್ಕೆ ಬರುವುದಿಲ್ಲ.

ಹಂದಿ ಅಂದ ಮೇಲೆ ಪಂದಿ ಕರಿ ಬಿಡುವುದು ಹೇಗೆ? ನಾನು ಹೆದರಿಕೊಂಡೇ ಕೇಳಿದ್ದು, ಕೊಡಬಹುದಾ ಅಂತ. ‘ಯಾಕೆ ಕೊಡಬಾರದು?’ ಅಂದರು ಮೇಡಂ. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹಾಕಿ ಕಪ್ಪಗೆ ಬಂದ ಮಸಾಲೆ, ಜೊತೆಗೆ ಕಡಂಬುಟ್ಟು, ಅಂದರೆ ಅಕ್ಕಿ ಕಡುಬು. ಬೇರೆಯವರಿಗೆ ‘ಕೊಬ್ಬು ತೆಗೆದು ಹಾಕಿ’ ಅನ್ನುವ ಡಾಕ್ಟರುಗಳ ಮಧ್ಯೆ ನಮ್ಮ ಮಗಳಿಗೆ ಕೊಬ್ಬಿನ ತುಂಡೇ ಸಿಗುತ್ತದೆ, ಅವಳ ಅಪ್ಪನಿಗೆ ಹೊಟ್ಟೆಕಿಚ್ಚು. ಆದರೆ ಮೇಡಂಗೆ ಪಂದಿ ಕರಿಯ ಅಂದಾಜು ಇರಲಿಲ್ಲ. ನಾನು ಒಂದು ತುಂಡನ್ನು ಅಡ್ಡ ಕೊಯ್ದು, ಪಕ್ಕದಲ್ಲಿ ಚಮಚ ಇಟ್ಟು, ಫೋಟೊ ತೆಗೆದು ಕಳಿಸಿದೆ. ಕೊಬ್ಬಿನ ಪದರ ಎಷ್ಟು ದಪ್ಪ ಅಂತ ನೋಡಿ, ಆ ದಿನದ ಊಟಕ್ಕೆ ಡಾಕ್ಟರನ್ನು ಕೇಳಿ ಡೋಸ್ ಹೇಳಿದರು. ಅಕ್ಕಿ ರೊಟ್ಟಿ ಪಲ್ಯ ತಿಂದ ದಿನದ ಕ್ಯಾಪ್ಸೂಲ್ ಪಂದಿ ಕರಿ ದಿನಕ್ಕೆ ಸಾಲುವುದಿಲ್ಲ, ಇದು ಚಾರ್ಟಿನಲ್ಲೇ ಬರೆದಿದೆ. ನೂಲುಪುಟ್ಟಿಗೆ (ಅಕ್ಕಿ ಶಾವಿಗೆ) ಕಾಯಿಹಾಲು, ಆಟಿ ತಿಂಗಳ ಮದ್ದುಸೊಪ್ಪಿನ ಪಾಯಸಕ್ಕೆ ಗಟ್ಟಿ ಕಾಯಿಹಾಲು, ಇವೂ ಲೆಕ್ಕಕ್ಕೆ ಬರುತ್ತವೆ. ಹಸಿ ತೆಂಗಿನಕಾಯಿ ತುರಿ ನೂರು ಗ್ರಾಂನಲ್ಲಿ ಸುಮಾರು 33 ಗ್ರಾಂ ಕೊಬ್ಬು. ನಮ್ಮ ಅಡುಗೆ ಸಿಎಫ್ ಮಕ್ಕಳಿಗೆ ಅಂತಲೇ ಮಾಡಿದ ಹಾಗಿದೆ, ಮಧ್ಯೆ ಆ್ಯಪ್‌ನವರ ಓಟ್ಸ್ ಯಾಕೆ?

ಹಾಗಂತ ಕೊಬ್ಬು ಅಂದರೆ ಯಾವುದಾದರೂ ನಡೆಯುತ್ತೆ ಅಂತ ಅಲ್ಲ. ಮೊದಲೆಲ್ಲ ಕ್ಯಾಲರಿ ಬಂದರೆ ಸಾಕು ಅನ್ನುತ್ತಿದ್ದರಂತೆ. ಈಗ ಮೊಟ್ಟೆ, ಮೀನು, ಕಡಲೆಬೀಜ, ಗೋಡಂಬಿ, ಬಟರ್ ಫ್ರೂಟ್ ಇಂಥವು ಮೊದಲು, ಬೇಕರಿ ಕ್ರೀಮ್ ಬನ್, ಪಫ್ಸ್ ಆಮೇಲೆ. ಮಡಿಕೇರಿಯಲ್ಲಿ ಟೂರಿಸ್ಟ್‌ಗಳು ಚೀಲಗಟ್ಟಲೆ ಒಯ್ಯುವ ಹೋಮ್‌ಮೇಡ್ ಚಾಕೊಲೇಟ್ ನಮ್ಮಲ್ಲಿ ಹಬ್ಬಕ್ಕೆ ಮಾತ್ರ, ಅದಕ್ಕೂ ಎನ್‌ಜೈಮ್ ಬೇಕು.

ಉಪ್ಪಿನ ವಿಷಯ. ಸಿಎಫ್ ಮಗುವಿಗೆ ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ. ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ, ಕಾಯಿಲೆ ಪತ್ತೆ ಮಾಡುವುದೇ ಬೆವರಿನ ಕ್ಲೋರೈಡ್ ಅಳೆದು. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಮೇಲಿದ್ದರೆ ಸಿಎಫ್ ಕಡೆಗೆ ಬೆರಳು ತೋರಿಸುತ್ತದೆ. ನಮ್ಮ ಊರು ತಂಪು, ಬೆವರು ಎಲ್ಲಿ ಬರುತ್ತೆ ಅಂತ ಅತ್ತೆಯ ವಾದ. ಮಳೆಗಾಲದಲ್ಲಿ ಸರಿ. ಮಾರ್ಚ್ ಏಪ್ರಿಲ್‌ನಲ್ಲಿ ಮಗಳು ಸ್ಕೂಲಿನ ಗ್ರೌಂಡಿನಲ್ಲಿ ಓಡಿ ಬಂದಾಗ, ಜ್ವರ ಬಂದಾಗ, ಕುಶಾಲನಗರ ದಾಟಿ ಮೈಸೂರಿನ ಬಿಸಿಲಿಗೆ ಇಳಿದಾಗ ಉಪ್ಪು ಬೇಕು. ಇಲ್ಲದಿದ್ದರೆ ಮಗು ಸುಸ್ತಾಗಿ ಬಾಡಿ ಹೋಗುತ್ತದೆ, ವಾಂತಿ ಶುರುವಾಗುತ್ತದೆ, ಎಳೆ ಮಕ್ಕಳಲ್ಲಂತೂ ಜೀವಕ್ಕೇ ಬರುತ್ತದೆ. ಮಜ್ಜಿಗೆಗೆ ಉಪ್ಪು, ಗಂಜಿಗೆ ಉಪ್ಪು, ಊಟಕ್ಕೆ ಉಪ್ಪಿನಕಾಯಿ. ಪ್ರಯಾಣಕ್ಕೆ ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ. ಡಬ್ಲ್ಯೂಎಚ್‌ಒ ಸೂತ್ರದ್ದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಮಾತ್ರ ತಗೊಳ್ಳಿ. ಟೆಟ್ರಾ ಪ್ಯಾಕಿನಲ್ಲಿ ಬರುವ ಬಣ್ಣದ ಸಿಹಿ ಪಾನೀಯ ಅದಲ್ಲ. ಆ್ಯಪ್‌ನ ‘ಉಪ್ಪು ಕಡಿಮೆ’ ಸಲಹೆಗೆ ನಾನು ಒಂದು ಸ್ಟಾರ್ ಕೊಟ್ಟದ್ದೇ ದೊಡ್ಡದು, ಅಲ್ವಾ?

ಪೌಡರ್ ಡಬ್ಬಿಯ ಕಥೆ ಚಿಕ್ಕದು. ವೆನಿಲ್ಲಾ, ಚಾಕೊಲೇಟ್ ಎರಡು ರುಚಿ, ರೇಟು ಕೇಳಿದರೆ ತಲೆ ತಿರುಗುತ್ತೆ. ಮೆಡಿಕಲ್ ಶಾಪಿನವರು ‘ಮಕ್ಕಳು ಗುಂಡುಗುಂಡಾಗುತ್ತಾರೆ ಅಕ್ಕ’ ಅಂದರು. ಲೇಬಲ್ ಓದಿದರೆ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಮತ್ತು ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿ, ಕೊಬ್ಬು ಚೂರು. ಹಾಲಿಗೆ ಎರಡು ಸ್ಕೂಪ್ ಹಾಕಿ ಕುಡಿಸಿದರೆ ಮಧ್ಯಾಹ್ನದವರೆಗೆ ಹಸಿವೇ ಇಲ್ಲ, ಊಟ ಬಿಡುತ್ತಾಳೆ. ಅದೇ ದುಡ್ಡಿಗೆ ಎಷ್ಟು ತುಪ್ಪ, ಎಷ್ಟು ಕಡಲೆಬೀಜ ಬರುತ್ತೆ ಲೆಕ್ಕ ಹಾಕಿ. ಎರಡು ಸ್ಟಾರ್ ಯಾಕೆ ಅಂದರೆ, ಕಫ ಜಾಸ್ತಿಯಾಗಿ ಆಸ್ಪತ್ರೆ ಸೇರಿ ಬಂದ ಮೇಲೆ ಅಗಿಯುವುದಕ್ಕೂ ಬೇಸರ ಇದ್ದಾಗ ಅದು ಉಪಯೋಗಕ್ಕೆ ಬಂತು. ಆಗಲೂ ಮೇಡಂ ಹೇಳಿದ ಅಳತೆಯಲ್ಲಿ. ಸ್ವಲ್ಪ ಕೊಬ್ಬು, ಪ್ರೊಟೀನ್ ಇರುವುದರಿಂದ ಅದಕ್ಕೂ ಎನ್‌ಜೈಮ್ ಬೇಕು, ಡಬ್ಬಿಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಹಸಿವಿನ ಟಾನಿಕ್ಕು, ಲೇಹ್ಯ ಕೇಳಬೇಡಿ, ನಾವು ಆ ಕಡೆ ಹೋಗಲೇ ಇಲ್ಲ.

ವಿಟಮಿನ್ ಬೇರೆ ಇದೆ. ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನ ಜೊತೆಯೇ ಮೈಗೆ ಸೇರುವಂಥವು, ಹಾಗಾಗಿ ಸಿಎಫ್ ಮಕ್ಕಳಲ್ಲಿ ಇವು ಕಡಿಮೆಯಾಗುತ್ತವೆ. ಡಾಕ್ಟರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿ ಡ್ರಾಪ್ಸ್ ಎಷ್ಟು ಅಂತ ಹೇಳುತ್ತಾರೆ. ಅದನ್ನು ಕೊಡುವುದು ತುಪ್ಪದ ಊಟದ ಜೊತೆ, ಕ್ಯಾಪ್ಸೂಲ್ ಹಾಕಿದ ಮೇಲೆ. ಖಾಲಿ ಹೊಟ್ಟೆಗೆ ಕೊಟ್ಟರೆ ದುಡ್ಡು ದಂಡ.

ಈಗ ಮೇಡಂಗೆ ಅರ್ಧ ಸ್ಟಾರ್ ಯಾಕೆ ಕಡಿಮೆ ಅಂತ. ಚಾರ್ಟ್ ಇಂಗ್ಲಿಷಿನಲ್ಲಿ ಕೊಟ್ಟರು. ಅಡುಗೆ ಮಾಡುವವರು ಅತ್ತೆ, ಅವರಿಗೆ ಕನ್ನಡ ಮಾತ್ರ. ನಾನೇ ರಾತ್ರಿ ಕೂತು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅಳತೆ ಎಲ್ಲ ಗ್ರಾಂನಲ್ಲಿ ಇತ್ತು, ನಮ್ಮಲ್ಲಿ ತೂಗುವ ಯಂತ್ರ ಇರುವುದು ಮೆಣಸಿಗೆ! ಚಮಚ, ಸೌಟು, ಬಟ್ಟಲಿಗೆ ಇಳಿಸಿಕೊಂಡೆವು. ಮೆಸೇಜ್ ಮಾಡಿದರೆ ಉತ್ತರ ಬರಲು ಒಮ್ಮೊಮ್ಮೆ ತಡ. ಸುಂಟಿಕೊಪ್ಪದಿಂದ ಬೆಂಗಳೂರಿಗೆ ಹೋಗಿ ಬರುವುದು ಸಣ್ಣ ಮಾತಲ್ಲ, ನಡುವಿನ ಭೇಟಿಗಳನ್ನು ವಿಡಿಯೋದಲ್ಲಿ ಮಾಡಿದರೆ ಆಗುತ್ತಿತ್ತು, ಅದಕ್ಕೆ ಆಸ್ಪತ್ರೆಯಲ್ಲಿ ವ್ಯವಸ್ಥೆ ಇಲ್ಲ. ಒಳ್ಳೆಯದೂ ಹೇಳಬೇಕು. ಸಿಎಫ್ ಮಕ್ಕಳನ್ನು ಒಂದೇ ಹೊತ್ತಿಗೆ ಕರೆಯುವುದಿಲ್ಲ, ಒಟ್ಟಿಗೆ ಕೂರಿಸುವುದಿಲ್ಲ. ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಹೋದರೆ ಕಷ್ಟ, ಅದಕ್ಕೆ. ಕಾಯುವ ಜಾಗದಲ್ಲಿ ಇದನ್ನು ಗಮನಿಸದ ಆಸ್ಪತ್ರೆಯಾದರೆ ನೀವೇ ಕೇಳಿ ಬೇರೆ ಟೈಮ್ ತಗೊಳ್ಳಿ.

ಮೇಡಂ ಹೇಳಿದ್ದರಲ್ಲಿ ನಮ್ಮ ಮನೆಗೆ ತುಂಬ ಉಪಯೋಗಕ್ಕೆ ಬಂದದ್ದು ತಿನ್ನಿಸುವ ರೀತಿ. ಸಿಎಫ್ ಮನೆಗಳಲ್ಲಿ ಊಟ ಅಂದರೆ ಯುದ್ಧ. ತೂಕ ಏರಬೇಕು ಅನ್ನುವ ಹೆದರಿಕೆಯಲ್ಲಿ ದೊಡ್ಡವರು ತಟ್ಟೆ ಹಿಡಿದುಕೊಂಡು ಗಂಟೆಗಟ್ಟಲೆ ಅಂಗಳ ಸುತ್ತುತ್ತಾರೆ. ಅದರಿಂದ ಮಗು ಜಾಸ್ತಿ ತಿನ್ನುವುದಿಲ್ಲ, ಬೇಡ ಅಂದರೆ ಎಲ್ಲರೂ ನನ್ನ ಸುತ್ತ ಕುಣಿಯುತ್ತಾರೆ ಅಂತ ಕಲಿಯುತ್ತದೆ ಅಷ್ಟೆ. ಅರ್ಧ ಗಂಟೆ ಇಟ್ಟುಕೊಳ್ಳಿ, ಆಮೇಲೆ ತಟ್ಟೆ ಎತ್ತಿ, ತಿನ್ನುವಾಗ ಹೊಗಳಿ, ತಿನ್ನದಿದ್ದಾಗ ಸುಮ್ಮನಿರಿ, ದಿನಕ್ಕೆ ಮೂರು ಊಟ ಮಧ್ಯೆ ಎರಡು ಮೂರು ತಿಂಡಿ ಅಂದರು. ಅತ್ತೆಗೆ ಇದು ಇನ್ನೂ ಒಪ್ಪಿಗೆಯಿಲ್ಲ. ‘ಹಸಿದ ಮಗೂನ ತಟ್ಟೆ ಕಿತ್ಕೊಳ್ಳೋದಾ?’ ಅಂತ ಗೊಣಗಿಕೊಂಡು ನನಗೆ ಗೊತ್ತಾಗದ ಹಾಗೆ ಬೆಣ್ಣೆ ಸಕ್ಕರೆ ಕೊಡುತ್ತಾರೆ. ಕೊಡಲಿ. ಎನ್‌ಜೈಮ್ ಡಬ್ಬಿ ಅವರ ಸೆರಗಿನ ತುದಿಯಲ್ಲೇ ಇದ್ದರೆ ನನಗೇನು ತಕರಾರಿಲ್ಲ.

ಸ್ಕೂಲಿನಲ್ಲಿ ಟೀಚರಿಗೆ ಒಂದು ಚೀಟಿ ಬರೆದು ಕೊಟ್ಟಿದ್ದೇನೆ. ಬಿಸಿಯೂಟದ ಮೊದಲು ಇಷ್ಟು, ಕ್ಷೀರಭಾಗ್ಯದ ಹಾಲಿಗೆ ಇಷ್ಟು, ಮೊಟ್ಟೆ ಕೊಟ್ಟ ದಿನ ಇಷ್ಟು, ಬಾಳೆಹಣ್ಣಿಗೆ ಏನೂ ಬೇಡ. ನೀರು ಕುಡಿಯಲು, ಕಕ್ಕಸಿಗೆ ಹೋಗಲು ಕೇಳಿದಾಗ ಬಿಡಿ ಅಂತಲೂ ಬರೆದೆ. ಟೀಚರ್ ಒಳ್ಳೆಯವರು. ಬೇರೆ ಮಕ್ಕಳು ‘ನಂಗೂ ಮಾತ್ರೆ ಕೊಡಿ’ ಅಂತ ಗಲಾಟೆ ಮಾಡಿದರಂತೆ, ಅದಕ್ಕೆ ಈಗ ಡಬ್ಬಿ ಟೀಚರ ಬೀರುವಿನಲ್ಲಿ ಇರುತ್ತದೆ.

ರಿಸಲ್ಟ್ ಕೇಳುತ್ತೀರಿ ಅಂತ ಗೊತ್ತು. ಎರಡು ವರ್ಷ ದಾಟಿದ ಮಕ್ಕಳಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಚಾರ್ಟಿನ ಮಧ್ಯದ ಗೆರೆ, ಅಂದರೆ 50ನೇ ಪರ್ಸೆಂಟೈಲ್, ಮುಟ್ಟಿಸುವುದು ಗುರಿ. ಮಗಳು ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಆದರೆ ಗೆರೆ ಮೇಲೆ ಹೋಗುತ್ತಿದೆ, ಮೊದಲು ಕೆಳಗೆ ಬೀಳುತ್ತಿತ್ತು. ಹೊಟ್ಟೆ ಉಬ್ಬರ ಕಡಿಮೆ. ಬಾತ್‌ರೂಮಿನ ವಾಸನೆ ಕಡಿಮೆ. ಹೋದ ವರ್ಷದ ಯೂನಿಫಾರ್ಮ್ ಈ ವರ್ಷ ಬಿಗಿ, ದರ್ಜಿ ಹತ್ತಿರ ಹೊಸದು ಹೊಲಿಸಿದೆವು. ಒಂದೇ ಊಟದಿಂದ ಎಲ್ಲ ಆಯಿತು ಅನ್ನಲ್ಲ, ನೆಬ್ಯುಲೈಸರ್, ಎದೆ ತಟ್ಟುವುದು, ಆ್ಯಂಟಿಬಯೋಟಿಕ್ ಎಲ್ಲ ಜೊತೆಗೇ ಇದೆ.

ಮೊದಲ ಸಲ ಡಯಟಿಷಿಯನ್ ಹತ್ತಿರ ಹೋಗುವವರು ಅಡುಗೆ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ತಿನ್ನುವ ತಟ್ಟೆ, ಚಮಚ, ಲೋಟದ ಫೋಟೊ ಇರಲಿ, ಹಾಲಿನ ಪ್ಯಾಕೆಟ್ ಕವರ್ ಇರಲಿ. ನಿಮ್ಮ ಊರಿನ ತಿಂಡಿಗಳ ಹೆಸರು ಹೇಳಿ, ಅವರಿಗೆ ಗೊತ್ತಿಲ್ಲದಿದ್ದರೆ ಹೇಗೆ ಮಾಡುತ್ತೇವೆ ಅಂತ ಹೇಳಿ. ಕೇಳಿಸಿಕೊಳ್ಳದೆ ಪ್ರಿಂಟ್ ಕೈಗೆ ಕೊಟ್ಟರೆ ಬೇರೆಯವರನ್ನು ಹುಡುಕಿ. ‘ತುಪ್ಪ ಬಿಡಿಸಿ, ಉಪ್ಪು ಬಿಡಿಸಿ’ ಅಂತ ಶುರು ಮಾಡಿದರೆ ಸಿಎಫ್ ಮಗುವನ್ನು ಮೊದಲು ನೋಡಿದ್ದೀರಾ ಅಂತ ಮರ್ಯಾದೆಯಿಂದಲೇ ಕೇಳಿ.

ಕೊಡಗಿನವರಿಗೆ ಇನ್ನೊಂದು. ಎನ್‌ಜೈಮ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಇರುವುದಿಲ್ಲ, ಮೊದಲೇ ಹೇಳಿ ತರಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿಗಳು ಬಂದ್ ಆದದ್ದು ನೆನಪಿದೆಯಲ್ಲ. ಮೇ ಮುಗಿಯುವುದರೊಳಗೆ ಮಳೆಗಾಲಕ್ಕೆ ಸಾಲುವಷ್ಟು ತಂದಿಡಿ, ಎಕ್ಸ್‌ಪೈರಿ ನೋಡಿ ತಗೊಳ್ಳಿ. ಡಬ್ಬಿಯ ಮುಚ್ಚಳ ಬಿಗಿ ಇರಲಿ, ನಮ್ಮ ಮಳೆಯ ಥಂಡಿಗೆ ತೇವ ಹಿಡಿಯುತ್ತದೆ. ಒಲೆಯ ಪಕ್ಕ, ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಇಡಬೇಡಿ. ನಮ್ಮದು ದೇವರ ಕೋಣೆಯ ಗೂಡಿನಲ್ಲಿದೆ, ಮನೆಯಲ್ಲಿ ಒಣಗಿರುವ ಜಾಗ ಅದೊಂದೇ.